ಆದರ್ಶ ಪತಿಯ ಆರು ವಾರ

ಆ ಕಾಗದವನ್ನು ತಂದು ಕೊಟ್ಟವನು ಗಂಡನೇ. ಅವನು ಆ ಬಡಾವಣೆಯ ಅಂಚೆಯವನು. ಹದಿನೇಳು ವರ್ಷದಿಂದ ಅದೇ ಬೀದಿಗಳಲ್ಲಿ ಚೀಲ ಹೊತ್ತು ತಿರುಗಿದವನು. ತನ್ನ ಹೆಸರಿಗೇ ಬಂದ ಲಕೋಟೆಯನ್ನು ಮಧ್ಯಾಹ್ನದ ಸುತ್ತಿನಲ್ಲಿ ಸರದಿ ತಪ್ಪಿಸದೆ ತಂದು, ಬಾಗಿಲಲ್ಲಿ ನಿಂತು "ಟಪಾಲು" ಅಂತ ಕೂಗಿ, ತಾನೇ ಒಳಗೆ ಬಂದು ತೆಗೆದುಕೊಂಡ.

ಹೆಂಡತಿ ಕೆಲಸದ ಮೇಜಿನ ಮುಂದಿದ್ದಳು. ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ಅವಳು ಅದಕ್ಕೆ ಮೇಣ ಹಿಡಿಸಿ, ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ಒಸಡು ಎರಕ ಹೊಯ್ದು, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತಾಳೆ. ಬಡಾವಣೆಯ ಹಿರಿಯರಲ್ಲಿ ಅರ್ಧ ಜನ ನಗುವುದು ಅವಳ ಕೈಯ ಹಲ್ಲಿನಲ್ಲಿ. ಅದಕ್ಕೇ ಎಲ್ಲರಿಗೂ ಅವಳು ಹಲ್ಲಕ್ಕ. ಯಾರ ಬಾಯಲ್ಲಿ ಯಾವುದು ಅಸಲಿ, ಯಾವುದು ಅಲ್ಲ ಎಂಬುದು ಅವಳಿಗೆ ಗೊತ್ತು, ಆ ಮಟ್ಟಿಗೆ ಅವಳ ಬಾಯಿಗೆ ಬೀಗ. ಹನ್ನೊಂದನೇ ವಯಸ್ಸಿನಲ್ಲಿ ಬಂದ ಜ್ವರವೊಂದು ಬೆನ್ನುಹುರಿಗೆ ಇಳಿದು ಸೊಂಟದ ಕೆಳಗಿನದನ್ನೆಲ್ಲ ಸುಮ್ಮನಾಗಿಸಿ ಹೋದಾಗಿನಿಂದ ಅವಳು ಗಾಲಿಕುರ್ಚಿಯಲ್ಲಿ ಓಡಾಡುವವಳು. ಈಗ ನಲವತ್ತೆರಡು.

"ಏನದು?" ಎಂದಳು, ಕೈಯಲ್ಲಿದ್ದ ದವಡೆಯಿಂದ ಕಣ್ಣೆತ್ತದೆ.

"ನೆರೆಹೊರೆ ಸಂಘದ್ದು." ಅವನು ಗಂಟಲು ಸರಿಮಾಡಿಕೊಂಡ. "ಏನೋ ಪ್ರಶಸ್ತಿ ಅಂತೆ. ಸುಮ್ನೆ."

ಸುಮ್ಮನೆ ಎಂದವನ ಕಿವಿ ಕೆಂಪಾಗಿತ್ತು. ಅವಳು ಕೈ ಚಾಚಿದಳು. ಸಂಘದ ವಾರ್ಷಿಕ ಸಮಾರಂಭದಲ್ಲಿ ಅವನಿಗೆ 'ಆದರ್ಶ ಪತಿ' ಎಂಬ ಫಲಕ ಕೊಟ್ಟು ಗೌರವಿಸುವುದಾಗಿ ಅಧ್ಯಕ್ಷರ ಸಹಿಯೊಂದಿಗೆ ಬರೆದಿತ್ತು. ಕೆಳಗೆ ಕಾರಣವೂ ಇತ್ತು: 'ತಮ್ಮ ಒಂಬತ್ತು ವರ್ಷಗಳ ಮೌನ ತ್ಯಾಗಕ್ಕಾಗಿ.'

ಅವಳು ಅದನ್ನು ಎರಡು ಸಲ ಓದಿದಳು. "ಏನು ತ್ಯಾಗ ಮಾಡಿದ್ದೀಯ?"

ಅವನು ಪ್ರಾಮಾಣಿಕ ಮನುಷ್ಯ. ಕೇಳಿದ್ದಕ್ಕೆ ನಿಂತು ಯೋಚಿಸಿದ. ಸುತ್ತ ನೋಡಿದ. "ಮೇಲಿನ ಕಪಾಟು" ಎಂದ.

ಅದು ನಿಜವೇ. ಮನೆಯಲ್ಲಿ ಎಲ್ಲವೂ ಅವಳ ಕೈಗೆಟಕುವ ಎತ್ತರದಲ್ಲಿತ್ತು. ಅಡುಗೆ ಕಟ್ಟೆ ಅವನ ತೊಡೆಯ ಮಟ್ಟಕ್ಕೆ, ದೀಪದ ಗುಂಡಿಗಳು ಸೊಂಟದ ಮಟ್ಟಕ್ಕೆ. ಬಚ್ಚಲಿನ ಕನ್ನಡಿಯಲ್ಲಿ ಅವನಿಗೆ ಕಾಣುತ್ತಿದ್ದುದು ತನ್ನ ಅಂಗಿಯ ಮೂರನೇ ಗುಂಡಿ. ದಿನಾ ಬೆಳಿಗ್ಗೆ ಮಡಿಸಿದ ಕತ್ತರಿಯಂತೆ ಬಗ್ಗಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅದಕ್ಕೆ ಗೊಣಗಿದವನಲ್ಲ. ಬೇರೆ ನೂರಕ್ಕೆ ಗೊಣಗಿದ್ದ.

"ಬೇಡ ಅಂತ ಬರೆದುಬಿಡಲಾ?" ಎಂದು ಕೇಳಿದ. ಕೇಳುವಾಗಲೇ ಕಾಗದವನ್ನು ಅಚ್ಚುಕಟ್ಟಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ.

"ನಿನ್ನಿಷ್ಟ" ಎಂದಳು ಹಲ್ಲಕ್ಕ. ಇಷ್ಟ ಏನೆಂದು ಜೇಬೇ ಹೇಳುತ್ತಿತ್ತು. ಅವಳಿಗೆ ಸಿಟ್ಟು ಬಂದದ್ದು ಸಂಘದ ಮೇಲಲ್ಲ. ಅಂಥ ಕಾಗದಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಇವನು ಒಳಗೊಳಗೇ ಉಬ್ಬಿದನಲ್ಲ, ಅದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಕಾಡತೊಡಗಿತು.

ಮೂರು ದಿನ ಕಳೆದ ಮೇಲೆ ಅವನು ಅಂಚೆ ಕಚೇರಿಯ ಮೆಟ್ಟಿಲಿಳಿಯುತ್ತ ಒಂದು ಲಕೋಟೆಯ ಮೇಲಿನ ಕೆಟ್ಟ ಕೈಬರಹ ಓದಲು ಹೋಗಿ, ಕೊನೆಯ ಮೆಟ್ಟಿಲಿದೆ ಎಂಬುದನ್ನು ಮರೆತ. ಬಲಗಾಲಿನ ಹರಡಿನ ಹತ್ತಿರ ಎರಡು ಕಡೆ ಮೂಳೆ ಮುರಿಯಿತು. ಮೊಣಕಾಲಿನವರೆಗೆ ಗಟ್ಟಿ ಕಟ್ಟು ಹಾಕಿ, ಆರು ವಾರ ಆ ಕಾಲು ನೆಲಕ್ಕೆ ತಾಗಕೂಡದು ಎಂದು ವೈದ್ಯರು ಹೇಳಿ ಕಳಿಸಿದರು. ಊರುಗೋಲು ಕೊಟ್ಟು ನೋಡಿದರು. ಎರಡು ಹೆಜ್ಜೆಗೇ ಅವನು ಗೋಡೆಯನ್ನು ತಬ್ಬಿಕೊಂಡ.

ಹಲ್ಲಕ್ಕ ಉಗ್ರಾಣದಿಂದ ತನ್ನ ಹಳೆಯ ಗಾಲಿಕುರ್ಚಿ ಹೊರಗೆ ತೆಗೆಸಿ, ಗಾಳಿ ತುಂಬಿಸಿ, ಧೂಳು ಒರೆಸಿದಳು. "ಕೂತ್ಕೋ" ಎಂದಳು.

ಕೂತ. ಮೊದಲ ದಿನವೇ ಮನೆಯ ನಾಲ್ಕು ಬಾಗಿಲ ಚೌಕಟ್ಟುಗಳಿಗೂ ಒಂದೊಂದು ಗಾಯ ಮಾಡಿದ. ಹಿಂದೆ ಹೋಗಬೇಕಾದರೆ ಮುಂದೆ ಹೋಗುತ್ತಿದ್ದ, ತಿರುಗಬೇಕಾದರೆ ಕೂತಲ್ಲೇ ಸೊಂಟ ತಿರುಗಿಸುತ್ತಿದ್ದ, ಕುರ್ಚಿ ಮಾತ್ರ ತನ್ನ ಪಾಡಿಗೆ ತಾನಿರುತ್ತಿತ್ತು. ಹದಿನೇಳು ವರ್ಷ ಬೀದಿ ಸುತ್ತಿದವನಿಗೆ ಅಡುಗೆಮನೆಯಿಂದ ನಡುಮನೆಗೆ ದಾರಿ ಸಿಗಲಿಲ್ಲ.

"ತಳ್ಳಿ ತಳ್ಳಿ ಸಾಯಬೇಡ. ಒಂದು ಸಲ ತಳ್ಳು, ಆಮೇಲೆ ಬಿಡು. ಅದೇ ಹೋಗುತ್ತೆ" ಎಂದಳು.

"ಬಿಟ್ರೆ ಎಲ್ಲೋ ಹೋಗುತ್ತೆ."

"ನೀನು ನೋಡಿದ ಕಡೆಗೇ ಹೋಗುತ್ತೆ. ನೀನು ಬಾಗಿಲ ಚೌಕಟ್ಟನ್ನೇ ನೋಡ್ತಿದ್ದೀಯ. ಬಾಗಿಲನ್ನ ನೋಡು."

ಮೂರನೆಯ ದಿನ ಬೆಳಿಗ್ಗೆ ಬಚ್ಚಲಿನಿಂದ ಅವನ ದನಿ ಕೇಳಿಸಿತು. ಹೋಗಿ ನೋಡಿದರೆ ಕನ್ನಡಿಯ ಮುಂದೆ ನೆಟ್ಟಗೆ ಕೂತು, ಕೆನ್ನೆಗೆ ನೊರೆ ಹಚ್ಚಿಕೊಂಡು, ತನ್ನನ್ನೇ ನೋಡುತ್ತಿದ್ದ. "ನಂಗೆ ಇಷ್ಟೊಂದು ಬಿಳಿ ಕೂದಲು ಯಾವಾಗ ಬಂತು?" ಎಂದು ಕೇಳಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಮದುವೆಯಾದ ಮೇಲೆ ಅವನು ತನ್ನ ಮನೆಯಲ್ಲಿ ತನ್ನ ಮುಖವನ್ನು ಬಗ್ಗದೆ, ಪೂರ್ತಿಯಾಗಿ ಕಂಡದ್ದು ಅದೇ ಮೊದಲು.

ಅಷ್ಟರಲ್ಲಿ ಅತ್ತೆ ಬಂದಿಳಿದರು. ಬಾಗಿಲಲ್ಲೇ ಮಗನನ್ನು ಕಂಡು ಅವರ ಕಣ್ಣು ತುಂಬಿತು. "ನನ್ನ ಮಗ ಇಂಥ ಕುರ್ಚಿಯಲ್ಲಿ ಕೂರೋದನ್ನ ನೋಡೋ ಹಾಗಾಯ್ತಲ್ಲ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಪಕ್ಕದಲ್ಲೇ ಇಂಥದೇ ಕುರ್ಚಿಯಲ್ಲಿ ಸೊಸೆ ಕೂತಿದ್ದಾಳೆಂಬುದು ಆಮೇಲೆ ನೆನಪಾಗಿ, "ನಿಂಗಾದ್ರೆ ಅಭ್ಯಾಸ ಇದೆ ಕಣಮ್ಮ" ಎಂದು ಸಮಾಧಾನ ಹೇಳಿದರು.

ಅತ್ತೆ ಬಂದದ್ದು ಇಬ್ಬರನ್ನೂ ನೋಡಿಕೊಳ್ಳಲು. ಎರಡು ದಿನ ಆ ಕುಳ್ಳು ಕಟ್ಟೆಯ ಮುಂದೆ ಬಗ್ಗಿ ಅಡುಗೆ ಮಾಡಿದರು. ಮೂರನೆಯ ದಿನ ಸೊಂಟ ಹಿಡಿದುಕೊಂಡಿತು. ಹಲ್ಲಕ್ಕ ಒಂದು ಕುರ್ಚಿ ತರಿಸಿ ಕಟ್ಟೆಯ ಮುಂದೆ ಹಾಕಿಸಿದಳು. ಅತ್ತೆ ಅನುಮಾನದಿಂದ ಕೂತರು. ಕೂತೇ ಹೆಚ್ಚಿದರು, ಕೂತೇ ಒಗ್ಗರಣೆ ಹಾಕಿದರು, ಕೂತೇ ಪಾತ್ರೆ ತೊಳೆದರು. ಸಂಜೆ ಹೊತ್ತಿಗೆ, "ನಲವತ್ತೈದು ವರ್ಷ ನಿಂತು ಬೇಯಿಸಿದೆನಲ್ಲ, ಒಬ್ಬರಾದ್ರೂ ಹೇಳಬಾರದಿತ್ತಾ" ಎಂದು ಯಾರ ಮೇಲೋ ಮುನಿಸಿಕೊಂಡರು.

ನೋಡಲು ಬರುವವರಿಗಂತೂ ಲೆಕ್ಕವಿರಲಿಲ್ಲ. ಎಲ್ಲರ ಮನೆಗೂ ಕಾಗದ ಕೊಟ್ಟವನಲ್ಲವೇ. ಬಂದವರು ಹಣ್ಣು ತಂದರು, ಅವನ ಕಟ್ಟನ್ನು ತಟ್ಟಿ ನೋಡಿದರು, ತಮ್ಮ ಷಡ್ಡಕನಿಗೂ ಹೀಗೇ ಆಗಿತ್ತೆಂದರು. ಎದುರುಮನೆಯಾಕೆ ಹಲ್ಲಕ್ಕನ ಕೈ ಹಿಡಿದುಕೊಂಡು, "ಆರು ವಾರ ಅಂದ್ರೆ ಸುಮ್ನೇನಾ? ಪಾಪ, ಹೇಗೆ ಕಳೀತಾರೋ" ಎಂದು ನಿಟ್ಟುಸಿರಿಟ್ಟರು.

"ಕಷ್ಟಾನೇ. ಏನಾದ್ರೂ ಸಂದೇಹ ಬಂದ್ರೆ ನನ್ನ ಕೇಳಲಿ ಬಿಡಿ" ಎಂದಳು ಹಲ್ಲಕ್ಕ.

ಎದುರುಮನೆಯಾಕೆಗೆ ಅದು ತಲೆಗೆ ಹೋಗಲಿಲ್ಲ. ಗಂಡನಿಗೆ ಹೋಯಿತು. ಅವನು ಹಣ್ಣಿನ ಸಿಪ್ಪೆ ಸುಲಿಯುವುದರಲ್ಲಿ ಮುಳುಗಿದಂತೆ ನಟಿಸಿದ.

ಹತ್ತನೆಯ ದಿನ ಕಾಲಿನ ಎಕ್ಸ್-ರೇ ತೆಗೆಸಲು ಆಸ್ಪತ್ರೆಗೆ ಹೋಗಿ ಬಂದವನ ಮುಖ ಬಿಳಿಚಿಕೊಂಡಿತ್ತು. ಲಿಫ್ಟ್ ಕೆಟ್ಟಿತ್ತಂತೆ. ಇಬ್ಬರು ಬಂದು, ಒಂದು ಮಾತು ಕೇಳದೆ, ಕುರ್ಚಿ ಸಮೇತ ಎತ್ತಿಕೊಂಡು ಎರಡು ಮಹಡಿ ಹತ್ತಿಸಿದರಂತೆ.

"ಮೂಟೆ ಎತ್ತಿದ ಹಾಗೆ" ಎಂದ. "ಅವರಿಬ್ರೂ ದಾರಿಯುದ್ದಕ್ಕೂ ಮಾತಾಡ್ತಾನೇ ಇದ್ರು. ನನ್ನ ಜೊತೆ ಅಲ್ಲ, ನನ್ನ ತಲೆ ಮೇಲಿಂದ. ಯಾವುದೋ ಆಟದ ವಿಷಯ."

"ಬೀಳಿಸಲಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಒಳ್ಳೆಯವರೇ."

ಅವನು ಅವಳ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಮನೆಯಲ್ಲೇ ಕೂತು ಕೂತು ಅವನಿಗೆ ತಲೆ ಕೆಟ್ಟುಹೋಗುವ ಹಾಗಾದಾಗ, ಒಂದು ಮಧ್ಯಾಹ್ನ ಇಬ್ಬರೂ ತಮ್ಮ ತಮ್ಮ ಕುರ್ಚಿ ತಳ್ಳಿಕೊಂಡು ಮೂಲೆಯ ಹೋಟೆಲಿಗೆ ಹೋದರು. ಎರಡು ಗಾಲಿಕುರ್ಚಿ ಸಾಲಾಗಿ ಬರುವುದನ್ನು ಕಂಡು ಬೀದಿ ತನ್ನಷ್ಟಕ್ಕೆ ದಾರಿ ಬಿಟ್ಟಿತು. ಯಾರದೋ ಮೆರವಣಿಗೆ ಇರಬೇಕೆಂದು ಒಬ್ಬರು ಟೊಪ್ಪಿ ಕೂಡ ತೆಗೆದರು. ಹೋಟೆಲಿನ ಎರಡು ಕುರ್ಚಿ ಪಕ್ಕಕ್ಕೆ ಸರಿಸಿ ಮೇಜಿನ ಎದುರುಬದುರು ಕೂತರು.

ಮಾಣಿ ಬಂದ. ಪುಸ್ತಕ ತೆರೆದ, ಪೆನ್ನು ತೆಗೆದ, ಗಂಡನ ಕಡೆ ತಿರುಗಿದ. ಬಾಯಿ ತೆರೆದವನು ಕುರ್ಚಿ ನೋಡಿ ನಿಂತ. ಹೆಂಡತಿಯ ಕಡೆ ತಿರುಗಿದ. ಅಲ್ಲೂ ಕುರ್ಚಿ. ಪೆನ್ನು ಗಾಳಿಯಲ್ಲಿ ಅತ್ತ ಇತ್ತ ಓಲಾಡಿತು. ಕೊನೆಗೆ ಅವನು ಪಕ್ಕದ ಮೇಜಿನಲ್ಲಿ ಪತ್ರಿಕೆ ಓದುತ್ತ ಕೂತಿದ್ದ ಮುದುಕರ ಹತ್ತಿರ ಹೋಗಿ ಬಗ್ಗಿ, ಮೆಲ್ಲಗೆ, "ಸಾರ್, ಇವರಿಗೆ ಏನು ಕೊಡಲಿ?" ಎಂದು ಕೇಳಿದ.

ಮುದುಕರು ಪತ್ರಿಕೆ ಇಳಿಸಿದರು. "ನಂಗೇನಪ್ಪ ಗೊತ್ತು? ನಾನು ಇವರ ಪೈಕಿ ಅಲ್ಲ."

ಗಂಡ ಮೇಜು ಕುಟ್ಟಿ ಕುಟ್ಟಿ ನಕ್ಕ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ನೋಡಿದ್ಯಾ? ಬಾಯಿ ಇರೋರನ್ನ ಬಿಟ್ಟು ಅವರನ್ನ ಕೇಳ್ತಾನೆ. ಕಾಲು ಮುರಿದ್ರೆ ನಾಲಿಗೆಯೂ ಮುರಿಯುತ್ತಾ?" ಎಂದು ಇನ್ನಷ್ಟು ನಕ್ಕ. ಆಮೇಲೆ ಮಾಣಿಯನ್ನು ಕರೆದು, ಹಳೆಯ ಅಭ್ಯಾಸದಂತೆ, "ನಂಗೆ ಕಾಫಿ, ಇವಳಿಗೆ ಟೊಮೇಟೊ ಸೂಪು" ಎಂದ.

"ನಂಗೆ ಟೊಮೇಟೊ ಸೂಪು ಸೇರಲ್ಲ" ಎಂದಳು ಹಲ್ಲಕ್ಕ.

"ಏನು?"

"ಯಾವತ್ತೂ ಸೇರ್ತಿರಲಿಲ್ಲ. ಹುಳಿ."

ಅವನ ನಗು ಅರ್ಧದಲ್ಲಿ ನಿಂತಿತು. "ಒಂಬತ್ತು ವರ್ಷದಿಂದ ಇಲ್ಲಿ ಅದನ್ನೇ ಕುಡೀತಿದ್ದೀಯಲ್ಲ."

"ಮಾಣಿಗಳು ಯಾವಾಗ್ಲೂ ನಿನ್ನ ಕೇಳ್ತಿದ್ರು, ಇವಳಿಗೇನು ಅಂತ. ಮೊದಲನೇ ಸಲ ನೀನು ಟೊಮೇಟೊ ಸೂಪು ಅಂದೆ. ಹೊಸ ಮದುವೆ, ಇರಲಿ ಅಂತ ಕುಡಿದೆ. ಎರಡನೇ ಸಲ ಅದನ್ನೇ ಅಂದೆ."

"ನಂಗೆ ಹೇಳಬಹುದಿತ್ತಲ್ಲ?"

"ನೀನು ಕೇಳಬಹುದಿತ್ತಲ್ಲ?"

ಮಾಣಿ ಇಬ್ಬರ ನಡುವೆ ನಿಂತು ಪುಸ್ತಕವನ್ನೇ ನೋಡುತ್ತಿದ್ದ. ಹಲ್ಲಕ್ಕ ಅವನಿಗೆ ನಿಂಬೆ ಚಹಾ ತರಲು ಹೇಳಿದಳು. ಅದೂ ಹುಳಿಯೇ ಎಂದು ಗಂಡನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

ಆಮೇಲೆ ಎರಡು ದಿನ ಮನೆಯಲ್ಲಿ ಮಾತಿಗೆ ಬರ ಬಂತು. ಅವನು ಮುಖ ಊದಿಸಿಕೊಂಡು ಕಿಟಕಿಯ ಹತ್ತಿರ ಕೂತ. ಬದಲಿಗೆ ಬಂದ ಅಂಚೆಯವನು ಕಾಗದ ತಪ್ಪು ಮನೆಗಳಿಗೆ ಹಾಕುವುದನ್ನು ನೋಡಿ ಹಲ್ಲು ಕಡಿದ. ಅವಳು ಮೇಜಿನ ಮುಂದೆ ಕೂತು ಯಾರದೋ ಕೆಳದವಡೆಗೆ ಹದಿನಾಲ್ಕು ಹಲ್ಲು ಜೋಡಿಸಿದಳು. ಕೈ ತನ್ನ ಕೆಲಸ ಮಾಡುತ್ತಿದ್ದರೆ ಮನಸ್ಸು ಮತ್ತೆ ಮತ್ತೆ ಸೂಪಿನ ಬಟ್ಟಲಿಗೇ ಹೋಗುತ್ತಿತ್ತು. ತಪ್ಪು ಪೂರ್ತಿ ಅವನದೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನು ಉತ್ತರ ಕೊಟ್ಟಾಗಲೆಲ್ಲ ಅವಳಿಗೂ ಒಂದು ಬಗೆಯ ಆರಾಮವಿತ್ತು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಪ್ರತಿ ಸಲ "ನಾನಿಲ್ಲೇ ಇದ್ದೀನಿ, ನನ್ನನ್ನೇ ಕೇಳಿ" ಎಂದು ಹೇಳಿ ಹೇಳಿ ದಣಿದವಳಿಗೆ, ಹುಳಿ ಸೂಪು ಕುಡಿದುಬಿಡುವುದು ಸುಲಭವಾಗಿ ಕಂಡಿತ್ತು. ಇದನ್ನು ಅವನಿಗೆ ಹೇಳಬೇಕೆನ್ನಿಸಿತು. ಆದರೆ ಅವನು ಊದಿಸಿಕೊಂಡಿದ್ದ ಮುಖ ಇಳಿಯುವವರೆಗೆ ಕಾಯೋಣವೆಂದುಕೊಂಡಳು.

ಮೂರನೆಯ ದಿನವೇ ಸಮಾರಂಭ. ಬೆಳಿಗ್ಗೆ ಹತ್ತಕ್ಕೆ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಸಂಘದ ಅಧ್ಯಕ್ಷರು, ಬೆನ್ನಿಗೆ ಸಂಘದ ಕಾರ್ಯದರ್ಶಿ. ಅಧ್ಯಕ್ಷರು ಮುಖದ ಕೆಳಗಿನ ಅರ್ಧವನ್ನು ಕರವಸ್ತ್ರದಿಂದ ಮುಚ್ಚಿಕೊಂಡಿದ್ದರು. ಆರಡಿ ಎತ್ತರದ, ಗಂಟೆಗಟ್ಟಲೆ ಭಾಷಣ ಮಾಡಬಲ್ಲ ಆಳು, ಶಾಲೆಗೆ ತಡವಾಗಿ ಬಂದ ಹುಡುಗನಂತೆ ನಿಂತಿದ್ದರು.

"ಬೆಳಿಗ್ಗೆ ಬಿಸ್ಕತ್ತು ತಿನ್ನುವಾಗ ಎರಡು ಹೋಳಾಯ್ತಂತೆ" ಎಂದು ಕಾರ್ಯದರ್ಶಿ ಪಿಸುಗುಟ್ಟಿ, ಕಾಗದದಲ್ಲಿ ಸುತ್ತಿದ್ದ ಮೇಲಿನ ಸೆಟ್ಟನ್ನು ಮುಂದೆ ಮಾಡಿದ. "ಸಂಜೆ ಆರಕ್ಕೆ ಭಾಷಣ ಇದೆ. ಗಂಟಲು ಕಟ್ಟಿದೆ ಅಂತ ಎಲ್ಲರಿಗೂ ಹೇಳಿದ್ದೀವಿ."

ಆರು ವರ್ಷದ ಹಿಂದೆ ತಾನೇ ಮಾಡಿದ ಸೆಟ್ಟು. ಹಲ್ಲಕ್ಕ ಬೆಳಕಿಗೆ ಹಿಡಿದು ನೋಡಿದಳು. "ಮುಂಚಿನಿಂದಲೇ ಸಡಿಲ ಇತ್ತಾ?" ಎಂದು ಅಧ್ಯಕ್ಷರನ್ನು ಕೇಳಿದಳು.

"ಒಂದು ವರ್ಷದಿಂದ ಸಡಿಲ ಅಂತೆ" ಎಂದ ಕಾರ್ಯದರ್ಶಿ.

"ಊಟ ಮಾಡುವಾಗ ನೋವಾಗ್ತಿತ್ತಾ?"

"ಎಡಗಡೆ ಸ್ವಲ್ಪ ಅಂತೆ."

"ನಾನು ಅವರನ್ನ ಕೇಳ್ತಿದ್ದೀನಿ" ಎಂದಳು ಹಲ್ಲಕ್ಕ. "ಹಲ್ಲು ಹೋಗಿರೋದು, ಅವರು ಎಲ್ಲೂ ಹೋಗಿಲ್ಲವಲ್ಲ."

ಕಾರ್ಯದರ್ಶಿ ಒಂದು ಹೆಜ್ಜೆ ಹಿಂದೆ ಸರಿದ. ಅಧ್ಯಕ್ಷರು ಕರವಸ್ತ್ರದ ಹಿಂದಿನಿಂದ, "ಎಗಗಗೆ ನೋವು" ಎಂದರು. ಅವಳು ತಲೆಯಾಡಿಸಿ, ಅವರನ್ನು ತನ್ನ ಎದುರಿನ ಸಣ್ಣ ಪೀಠದ ಮೇಲೆ ಕೂರಿಸಿದಳು. ಕೂತ ಮೇಲೆ ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬಂದವು.

ಎರಡು ಹೋಳುಗಳನ್ನು ಮೇಣದಿಂದ ಕೂಡಿಸಿ, ಅವು ಅಲುಗದಂತೆ ತಳಕ್ಕೆ ಜಿಪ್ಸಮ್ ಗಾರೆ ಹೊಯ್ದು, ಅದು ಗಟ್ಟಿಯಾಗುವವರೆಗೆ ಕಾಯಬೇಕಿತ್ತು. ಅಧ್ಯಕ್ಷರ ಕೈಯಲ್ಲಿ ಸಂಜೆಯ ಭಾಷಣದ ಹಾಳೆಗಳಿದ್ದವು. "ನೋಡಲಾ?" ಎಂದು ಕೇಳಿದಳು. ಬೇಡವೆನ್ನಲು ಅವರಿಗೆ ಹಲ್ಲಿರಲಿಲ್ಲ.

"'ನಡೆಯಲಾರದ ಜೀವಕ್ಕೆ ಕಾಲಾಗಿ, ಕತ್ತಲೆಯ ಬಾಳಿಗೆ ದೀಪವಾಗಿ'" ಎಂದು ಅವಳು ಓದಿದಳು. ಸುತ್ತ ನೋಡಿದಳು. "ಕತ್ತಲೆ ಎಲ್ಲಿತ್ತು ಸಾರ್? ನನ್ನ ಮೇಜಿನ ಮೇಲೆ ಮೊದಲಿನಿಂದಲೂ ಎರಡು ದೀಪ ಇವೆ. ಹಲ್ಲಿನ ಬಣ್ಣ ಹೊಂದಿಸೋಕೆ ಬೆಳಕು ಬೇಕೇ ಬೇಕು."

ಅಧ್ಯಕ್ಷರು ಬಾಯಿ ತೆರೆದರು, ನೆನಪಾಗಿ ಮುಚ್ಚಿದರು.

"ಮದುವೆಗೆ ಮುಂಚೆ ಹನ್ನೆರಡು ವರ್ಷ ನಾನು ಒಬ್ಬಳೇ ಈ ಮನೆ ನಡೆಸಿದ್ದೀನಿ. ಇವರು ಟಪಾಲು ಕೊಡೋಕೆ ಬರ್ತಿದ್ರು. ಆಮೇಲೆ ಟಪಾಲು ಇಲ್ಲದ ದಿನಾನೂ ಬರೋಕೆ ಶುರು ಮಾಡಿದ್ರು. ಇದರಲ್ಲಿ ತ್ಯಾಗ ಎಲ್ಲಿ ಬಂತು?" ಅವಳು ಜಿಪ್ಸಮನ್ನು ಉಗುರಿನಿಂದ ಒತ್ತಿ ನೋಡಿದಳು, ಇನ್ನೂ ಮೆದುವಿತ್ತು. "ಒಂದು ಕೇಳ್ತೀನಿ. ಈಗ ನಿಮ್ಮ ಬಾಯಲ್ಲಿ ಹಲ್ಲಿಲ್ಲ. ಬಾಳು ಕತ್ತಲೆ ಅನ್ನಿಸ್ತಿದೆಯಾ?"

ಅವರು ಇಲ್ಲವೆಂದು ತಲೆಯಾಡಿಸಿದರು.

"ಯಾರೂ ನೋಡದಿದ್ರೆ ಸಾಕು ಅನ್ನಿಸ್ತಿದೆ, ಅಲ್ವಾ?"

ಅವರು ಹೌದೆಂದು ತಲೆಯಾಡಿಸಿದರು. ಕರವಸ್ತ್ರ ತನ್ನಷ್ಟಕ್ಕೆ ಮಡಿಲಿಗೆ ಇಳಿಯಿತು. ಹಲ್ಲಿಲ್ಲದ ಅವರ ಮುಖ ಮೆತ್ತಗೆ, ಭಾಷಣಕ್ಕೆ ನಿಂತಾಗ ಕಾಣುವುದಕ್ಕಿಂತ ಹತ್ತಿರದವರ ಮುಖದಂತೆ ಇತ್ತು.

"ನಿಮ್ಮದು ಕರವಸ್ತ್ರದಲ್ಲಿ ಮುಚ್ಚಿಹೋಗುತ್ತೆ, ನಂದು ಹೋಗಲ್ಲ. ಅಷ್ಟಕ್ಕೇ ನಿಮಗೆ ಗಂಟಲು ಕಟ್ಟಿದೆ ಅಂತಾರೆ, ನನ್ನನ್ನ ಪಾಪ ಅಂತಾರೆ" ಎಂದಳು ಹಲ್ಲಕ್ಕ.

ಅಧ್ಯಕ್ಷರು ಕಿಸೆಯಿಂದ ಪೆನ್ನು ತೆಗೆದು ಭಾಷಣದ ಹಾಳೆಯ ಹಿಂದೆ ಬರೆದು ತೋರಿಸಿದರು: 'ಫಲಕದ ಮೇಲೆ ಹೆಸರು ಕೆತ್ತಿಸಿ ಆಗಿದೆ. ಈಗ ನಾನು ಏನು ಹೇಳಲಿ?'

ಅಷ್ಟು ಹೊತ್ತು ಬಾಗಿಲಲ್ಲಿ ಕುರ್ಚಿ ನಿಲ್ಲಿಸಿಕೊಂಡು ಕೇಳುತ್ತಿದ್ದ ಗಂಡ ಒಳಗೆ ಬಂದ. ಈ ಸಲ ಚೌಕಟ್ಟಿಗೆ ತಾಗಲಿಲ್ಲ. "ವೇದಿಕೆಗೆ ಎಷ್ಟು ಮೆಟ್ಟಿಲು ಸಾರ್?" ಎಂದು ಕೇಳಿದ.

ಅಧ್ಯಕ್ಷರು ಐದು ಬೆರಳು ತೋರಿಸಿದರು. ಕಾರ್ಯದರ್ಶಿ ಉತ್ಸಾಹದಿಂದ, "ಅದೇನೂ ಯೋಚನೆ ಮಾಡಬೇಡಿ, ನಾಲ್ಕು ಜನ ಗಟ್ಟಿಯಾದವರು ಇದ್ದಾರೆ, ಎತ್ತಿಬಿಡ್ತಾರೆ" ಎಂದ.

"ನನ್ನ ಎತ್ತಬೇಡಿ" ಎಂದ ಗಂಡ. ದನಿ ಏರಿಸಲಿಲ್ಲ, ಆದರೆ ಅವನ ಕೈ ಚಕ್ರವನ್ನು ಬಿಗಿಯಾಗಿ ಹಿಡಿದಿತ್ತು. "ಕೆಳಗೇ ಕೊಡಿ. ಎಲ್ಲರೂ ಕೂತಿರೋ ನೆಲದ ಮೇಲೇ ಕೊಡಿ. ಇಲ್ಲಾಂದ್ರೆ ಟಪಾಲಲ್ಲಿ ಕಳಿಸಿ."

ಸಂಜೆ ಆರಕ್ಕೆ ಸಂಘದ ಸಭಾಂಗಣ ತುಂಬಿತ್ತು. ವೇದಿಕೆ ಖಾಲಿಯಿತ್ತು, ಅದರ ಕೆಳಗೆ, ಮೊದಲ ಸಾಲಿನ ಮುಂದೆ, ಧ್ವನಿವರ್ಧಕ ಇಟ್ಟಿದ್ದರು. ಹಿಂದಿನವರು ಕಾಣುವುದಿಲ್ಲವೆಂದು ಗೊಣಗುತ್ತ ಎದ್ದು ನಿಂತರು. ಅಧ್ಯಕ್ಷರು ಹೊಸದಾಗಿ ಬಿಗಿಯಾದ ಹಲ್ಲುಗಳಿಂದ ಸ್ಪಷ್ಟವಾಗಿ, ತಮ್ಮ ಜೀವಮಾನದಲ್ಲೇ ಅತಿ ಚಿಕ್ಕ ಭಾಷಣ ಮಾಡಿದರು. ಕಾಲು, ದೀಪ, ಕತ್ತಲೆ ಯಾವುದೂ ಅದರಲ್ಲಿರಲಿಲ್ಲ. ಹದಿನೇಳು ವರ್ಷದಲ್ಲಿ ಒಂದೇ ಒಂದು ಕಾಗದ ಮಾತ್ರ ಕಳೆದ ಅಂಚೆಯವರೆಂದು ಹೊಗಳಿ ಫಲಕ ಕೊಟ್ಟರು.

ಗಂಡ ಧ್ವನಿವರ್ಧಕವನ್ನು ಕೆಳಕ್ಕೆ ಬಗ್ಗಿಸಿಕೊಂಡ. "ಇದರ ಮೇಲೆ ಆದರ್ಶ ಪತಿ ಅಂತ ಬರೆದಿದೆ" ಎಂದ. "ನಾನು ಏನೂ ತ್ಯಾಗ ಮಾಡಿಲ್ಲ. ನಾನು ಇವಳನ್ನ ಮದುವೆಯಾಗ್ತೀಯಾ ಅಂತ ಮೂರು ಸಲ ಕೇಳಿದೆ. ಎರಡು ಸಲ ಬೇಡ ಅಂದಳು. ಮೂರನೇ ಸಲ ಯೋಚನೆ ಮಾಡ್ತೀನಿ ಅಂದಳು. ಯೋಚನೆ ಮಾಡೋಕೆ ಒಂದು ವರ್ಷ ತಗೊಂಡಳು. ಕಾಲು ಮುರಿದಾಗಿನಿಂದ ನನ್ನನ್ನ ನೋಡಿಕೊಳ್ತಿರೋಳು ಇವಳು. ಆದ್ದರಿಂದ ದಯವಿಟ್ಟು ತಪ್ಪು ತಿಳೀಬೇಡಿ."

ಮೊದಲ ಸಾಲಿನಲ್ಲಿ ಎದುರುಮನೆಯಾಕೆ ಕಣ್ಣೊರೆಸಿಕೊಂಡರು. "ಎಂಥ ವಿನಯ ನೋಡಿ" ಎಂದರು ಪಕ್ಕದವರಿಗೆ. ಸಭಾಂಗಣ ಬಿರಿಯುವಂತೆ ಚಪ್ಪಾಳೆ ಬಿತ್ತು.

ಅವನು ಕೈಯೆತ್ತಿ ತಡೆಯಲು ನೋಡಿದ. ಅದನ್ನು ಕಂಡು ಚಪ್ಪಾಳೆ ಇನ್ನೂ ಜೋರಾಯಿತು. ಏನು ಹೇಳಿದರೂ ಜನರ ಕಣ್ಣಲ್ಲಿ ಒಂದು ಮೆಟ್ಟಿಲು ಮೇಲಕ್ಕೇ ಏರುತ್ತಿದ್ದ ಆ ಮನುಷ್ಯ, ಕೆಸರಿನಲ್ಲಿ ಸಿಕ್ಕಿಕೊಂಡವನಂತೆ ಹೆಂಡತಿಯ ಕಡೆ ನೋಡಿದ. ಆಮೇಲೆ ಧ್ವನಿವರ್ಧಕವನ್ನು ಅವಳತ್ತ ತಿರುಗಿಸಿ, "ನೀನು ಏನಾದ್ರೂ ಹೇಳ್ತೀಯಾ?" ಎಂದು ಕೇಳಿದ.

ಹಲ್ಲಕ್ಕ ಮುಂದೆ ಬಂದಳು. ಎದುರಿಗೆ ಸಾಲು ಸಾಲಾಗಿ ಅವಳದೇ ಹಲ್ಲುಗಳು ಅನುಕಂಪದಿಂದ ನಗುತ್ತಿದ್ದವು.

"ಇವರು ಒಳ್ಳೆಯ ಗಂಡ" ಎಂದಳು. "ಗೊರಕೆ ಹೊಡೀತಾರೆ. ಕೇಳಿದ್ರೆ ನಾನಲ್ಲ ಅಂತಾರೆ. ಚಹಾದ ಲೋಟ ಎಲ್ಲಿ ಕುಡೀತಾರೋ ಅಲ್ಲೇ ಬಿಡ್ತಾರೆ. ಎಲ್ಲರ ವಿಳಾಸ ನೆನಪಿರುತ್ತೆ, ತಮ್ಮ ಕನ್ನಡಕ ಎಲ್ಲಿಟ್ಟಿದ್ದೀನಿ ಅಂತ ಮಾತ್ರ ನನ್ನನ್ನ ಕೇಳ್ತಾರೆ. ಸ್ನಾನ ಮಾಡಿ ಬಂದು ಒದ್ದೆ ಟವೆಲನ್ನ ಹಾಸಿಗೆ ಮೇಲೆ ಹಾಕ್ತಾರೆ. ನಾನು ಮಲಗೋ ಕಡೆಗೆ."

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಆಗ ಎರಡನೇ ಸಾಲಿನಿಂದ ಅತ್ತೆ ಎದ್ದರು. "ಆ ಟವೆಲಿನ ಬುದ್ಧಿ ನಂದಲ್ಲ" ಎಂದು ಇಡೀ ಸಭೆಗೆ ಕೇಳುವಂತೆ ಹೇಳಿದರು. "ಅದು ಅವರಪ್ಪಂದು."

ಮೊದಲು ನಕ್ಕದ್ದು ಅಧ್ಯಕ್ಷರ ಹೆಂಡತಿ. "ನಮ್ಮನೇಲೂ ಅದೇ ಕಥೆ" ಎಂದರು. ಮೂರನೇ ಸಾಲಿನಿಂದ ಯಾರೋ ಕಾಲುಚೀಲದ ವಿಷಯ ತೆಗೆದರು. ಇನ್ಯಾರೋ ಇಪ್ಪತ್ತು ವರ್ಷದಿಂದ ಮುಚ್ಚದೇ ಬಿಟ್ಟ ಡಬ್ಬಿಗಳ ಬಗ್ಗೆ ಹೇಳಿದರು. ಗಂಡಂದಿರು ಕೂತಲ್ಲೇ ಮಿಸುಕಾಡಿದರು. ಐದು ನಿಮಿಷದಲ್ಲಿ ಸಭಾಂಗಣ ಸಂತೆಯಾಯಿತು. ಆ ಗಲಾಟೆಯಲ್ಲಿ ಗಾಲಿಕುರ್ಚಿಯ ವಿಷಯ ಯಾರಿಗೂ ನೆನಪಿರಲಿಲ್ಲ. ಫಲಕ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅವನ ಮುಖ, ಬಿಗಿಯಾದ ಬೂಟು ಬಿಚ್ಚಿದವನ ಮುಖದಂತೆ ಸಡಿಲಾಯಿತು.

ಇಬ್ಬರೂ ಮನೆಯ ಕಡೆ ಹೊರಟಾಗ ಇನ್ನೂ ಸ್ವಲ್ಪ ಬೆಳಕಿತ್ತು. ಅತ್ತೆ ಅಧ್ಯಕ್ಷರ ಹೆಂಡತಿಯ ಜೊತೆ ಮಾತಿಗೆ ಸಿಕ್ಕಿಕೊಂಡು ಹಿಂದೆ ಉಳಿದರು. ಬಟ್ಟೆ ಒಗೆಯುವ ಅಂಗಡಿಯ ಪಕ್ಕದ ಇಳಿಜಾರಿಗೆ ಬಂದಾಗ ಅವನು ನಿಂತ. ಆ ಬೀದಿಯ ಒಂದೊಂದು ಬಾಗಿಲಿನ ಸಂಖ್ಯೆಯೂ ಅವನಿಗೆ ಗೊತ್ತಿತ್ತು. ಅದು ಇಷ್ಟು ಇಳಿಜಾರಾಗಿದೆ ಎಂಬುದು ಗೊತ್ತಿರಲಿಲ್ಲ.

"ಸೂಪಿನ ವಿಷಯ" ಎಂದಳು ಹಲ್ಲಕ್ಕ. "ನಾನೂ ಹೇಳಬೇಕಿತ್ತು. ಹೇಳದೇ ಇರೋದು ಸುಲಭ ಇತ್ತು, ಅದಕ್ಕೆ ಹೇಳಲಿಲ್ಲ."

ಅವನು ಮಡಿಲಲ್ಲಿದ್ದ ಫಲಕವನ್ನು ಮಗುಚಿ ಇಟ್ಟುಕೊಂಡ. "ಆ ಕಾಗದ ಬಂದಾಗ ನಂಗೆ ಖುಷಿಯಾಗಿತ್ತು" ಎಂದ.

"ಗೊತ್ತು. ಕಿವಿ ಕೆಂಪಗಾಗಿತ್ತು."

ಅವಳು ಮೊದಲು ಇಳಿದಳು. ಹಿಂದಿನಿಂದ ಅವನು ಬಂದ. ಅರ್ಧ ದಾರಿ ಚಕ್ರ ಹಿಡಿದು, ಉಳಿದರ್ಧ ದೇವರೇ ಎಂದು ಕೈಬಿಟ್ಟು. ಕೆಳಗೆ ಅವಳು ಕುರ್ಚಿಯನ್ನು ಅಡ್ಡ ನಿಲ್ಲಿಸಿ ಅವನನ್ನು ತಡೆದು ಹಿಡಿದಳು. ಅವನು ಏದುಸಿರು ಬಿಡುತ್ತ ಅಂಗೈ ಬಿಡಿಸಿ ನೋಡಿಕೊಂಡ. ಚಕ್ರದ ಅಂಚು ತಿಕ್ಕಿ ಚರ್ಮ ಕೆಂಪಾಗಿ ಉರಿಯುತ್ತಿತ್ತು.

"ನಿಂಗೂ ಹೀಗೆ ಉರೀತಿತ್ತಾ?"

"ಮೊದಲ ಎರಡು ವರ್ಷ. ಆಮೇಲೆ ದಪ್ಪಗಾಯ್ತು."

ಅವನು ಅವಳ ಕೈ ಎಳೆದುಕೊಂಡು ಅಂಗೈಯ ಅಂಚಿನ ಗಟ್ಟಿ ಚರ್ಮದ ಮೇಲೆ ಹೆಬ್ಬೆರಳು ಆಡಿಸಿದ. "ಇದು ಹಲ್ಲು ಉಜ್ಜಿ ಉಜ್ಜಿ ಬಂದದ್ದು ಅಂದ್ಕೊಂಡಿದ್ದೆ" ಎಂದ.

ಮನೆಗೆ ಇನ್ನೊಂದು ಏರು ಬಾಕಿಯಿತ್ತು. ಅವನು ನಾಲ್ಕು ಸಲ ತಳ್ಳಿ, ಐದನೆಯ ಸಲಕ್ಕೆ ಕೈ ಸೋತು ನಿಂತ. ಎದುರಿಗೆ ಬರುತ್ತಿದ್ದ ಬಡಗಿಯೊಬ್ಬ, ಹೆಗಲ ಮೇಲಿನ ಚೀಲ ಸರಿಪಡಿಸಿಕೊಳ್ಳುತ್ತ, "ತಳ್ಳಲಾ?" ಎಂದು ಅವನನ್ನೇ ಕೇಳಿದ.

ಅವನು ಬೇಡವೆನ್ನಲು ಬಾಯಿ ತೆರೆದು ಹೆಂಡತಿಯ ಕಡೆ ನೋಡಿದ.

"ಅವರು ಕೇಳಿದ್ದು ನಿನ್ನನ್ನ" ಎಂದಳು ಹಲ್ಲಕ್ಕ, ಮತ್ತು ಏರಿನಲ್ಲಿ ಮುಂದೆ ಹೊರಟಳು.

"ತಳ್ಳಿ. ನಿಧಾನಕ್ಕೆ" ಎಂಬ ಅವನ ದನಿ ಹಿಂದಿನಿಂದ ಕೇಳಿಸಿತು.